ಕಾರಿಗೆ ಬಣ್ಣ, ಉಸಿರಿಗೆ ಕಾಪು

1982ರಲ್ಲಿ ಬೆಂಗಳೂರಿನಿಂದ ಹೊರಬಂದ ಸಿಪಾನಿ ಡಾಲ್ಫಿನ್ ಕಾರಿನ ಮೈ ತಗಡಿನದಲ್ಲ. ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿದ ಫೈಬರ್‌ಗ್ಲಾಸಿನದು. ತುಕ್ಕು ಹಿಡಿಯದ ಇಂಥ ಹಳೆಯ ಕಾರಿಗೆ ಮನೆಯಲ್ಲಿಯೇ ಹೊಸ ಬಣ್ಣ ಬಳಿಯಬಯಸುವುದು ಸಹಜ. ಕೈಗೆಲಸ ಶ್ಲಾಘ್ಯವಾದುದೇ, ಆದರೆ ಅದಕ್ಕೆ ಉಸಿರನ್ನು ಒತ್ತೆಯಿಡಬಾರದು.

ಧೂಳು, ಹೊಗೆಗಳನ್ನು ಚರಕಸಂಹಿತೆಯು ಶ್ವಾಸರೋಗದ ಕಾರಣಗಳಲ್ಲಿ ಎಣಿಸಿದೆ. ಫೈಬರ್‌ಗ್ಲಾಸನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಚರ್ಮಕ್ಕೆ ತುರಿಕೆಯನ್ನೂ ಕಣ್ಣಿಗೆ ಉರಿಯನ್ನೂ ಗಂಟಲಿಗೆ ಕೆರೆತವನ್ನೂ ತರುತ್ತದೆ. ಆದುದರಿಂದ ಮೊದಲು ಸೋಪಿನ ನೀರಿನಿಂದ ಜಿಡ್ಡು ತೊಳೆದು, 400ರ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಜೆಲ್‌ಕೋಟ್ ಎಂಬ ಮೇಲ್ಪದರ ಸವೆದು ಎಳೆಗಳು ಕಾಣುವಷ್ಟು ಉಜ್ಜಬಾರದು. ಬಣ್ಣ ಕಳಚುವ ದ್ರವವು ರಾಳವನ್ನೇ ಮೆತ್ತಗಾಗಿಸಬಲ್ಲುದು, ಅದು ಬೇಡ. ಸಣ್ಣ ರಂಧ್ರಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಸಮಗೊಳಿಸಿ, ಪ್ರೈಮರ್ ಹಚ್ಚಬೇಕು. ಉಜ್ಜುವಾಗ ಎನ್95 ಮುಖಗವಸು, ಕನ್ನಡಕ, ಕೈಗವಸುಗಳಿರಲಿ. ತೊಟ್ಟ ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಡನೆ ಒಗೆಯಬಾರದು.

ಹೆಚ್ಚಿನ ಅಪಾಯವಿರುವುದು ಬಣ್ಣದಲ್ಲಿ. ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ. ಸಿಂಪಡಿಸಿದಾಗ ಏಳುವ ಅದರ ತುಂತುರು ಆಸ್ತಮಾ ಹುಟ್ಟಿಸಬಲ್ಲುದು. ದೇಹಕ್ಕೆ ಒಮ್ಮೆ ಅದು ಒಗ್ಗದಂತಾದರೆ, ಅನಂತರ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸೀತು. ಎನ್95 ಇದಕ್ಕೆ ಸಾಲದು. ನಾವು ಕೊಡುವ ಯಾವ ಕಷಾಯವೂ ಇದನ್ನು ತಡೆಯದು. ಆದಕಾರಣ ಸಿದ್ಧತೆಯ ಕೆಲಸ ಮನೆಯಲ್ಲಿ ನಡೆಯಲಿ. ಸಿಂಪಡಣೆಯನ್ನು ಶುದ್ಧ ಗಾಳಿ ಪೂರೈಸುವ ಮುಖವಾಡವುಳ್ಳ ಕಾರ್ಯಾಗಾರಕ್ಕೆ ಒಪ್ಪಿಸುವುದು ಲೇಸು. ಕೆಲವು ಗಂಟೆಗಳ ಬಳಿಕವೂ ಎದೆ ಬಿಗಿಯಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿದಾನಪರಿವರ್ಜನ, ಎಂದರೆ ರೋಗದ ಕಾರಣವನ್ನು ದೂರವಿಡುವುದೇ ಮೊದಲ ಚಿಕಿತ್ಸೆ.