ಬೊಜ್ಜಿನ ಶಸ್ತ್ರಚಿಕಿತ್ಸೆಯ ತರುವಾಯ ಹಡಗಿನ ನೌಕರಿ

ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಬಂಧುಗಳಲ್ಲಿ ಹಡಗಿನ ನೌಕರಿಯನ್ನು ನೆಚ್ಚಿಕೊಂಡವರು ಕಡಿಮೆಯೇನಲ್ಲ. ಅವರ ಪೈಕಿ ಬೊಜ್ಜಿಗಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ತೂಕ ಇಳಿದರೆ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆಯೇ ಎಂದು ಭಾವಿಸುವುದುಂಟು. ವೈದ್ಯರು ರಕ್ತವನ್ನೂ ನೋಡುತ್ತಾರೆ.

ಬೈಪಾಸ್ ಮಾದರಿಯ ಚಿಕಿತ್ಸೆಯಲ್ಲಿ ಆಹಾರವು ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದೆ ಸಾಗುತ್ತದೆ. ಕಬ್ಬಿಣಾಂಶವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುವುದು ಅಲ್ಲಿಯೇ. ಬಿ-12 ಜೀವಸತ್ವವೂ ಕುಗ್ಗುತ್ತದೆ. ಮಾತ್ರೆಗಳನ್ನು ಅಲಕ್ಷಿಸಿದವರಿಗೆ ರಕ್ತಹೀನತೆ, ಕಾಲು ಜೋಮು ಬರಬಹುದು. ಸಿಹಿ ತಿಂದ ಮೇಲೆ ತಲೆಸುತ್ತುವುದೂ ಉಂಟು (ಹಬ್ಬದ ಹೋಳಿಗೆಯ ಮಾತು ಬೇರೆ ಹೇಳಬೇಕೆ!), ಹಡಗಿನ ಏಣಿ ಹತ್ತುವವರಿಗೆ ಅದು ಅಪಾಯಕರ.

ಚಿಕಿತ್ಸೆಯ ಸಂಗತಿಯನ್ನು ಮುಚ್ಚಿಡುವುದು ಸಲ್ಲದು. 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯಂತೆ, 100 ಅಥವಾ ಹೆಚ್ಚು ಜನರಿದ್ದು, ಸಾಮಾನ್ಯವಾಗಿ 3 ದಿನ ಮೀರಿದ ವಿದೇಶಯಾನ ಮಾಡುವ ಹಡಗಿನಲ್ಲಿ ಮಾತ್ರ ವೈದ್ಯರಿರುವುದು ಕಡ್ಡಾಯ. ಇಪ್ಪತ್ತು ಮಂದಿಯ ಸರಕು ಹಡಗಿನಲ್ಲಿ, ನಡುಗಡಲಿನಲ್ಲಿ, ಕರುಳು ಸಿಕ್ಕಿಕೊಂಡು ನೋವೆದ್ದರೆ ನೋಡುವವರಾರು?

ರಕ್ತ ಒಂದೆರಡು ದಿನಗಳಲ್ಲಿ ಏರುವುದಿಲ್ಲ. ಆದುದರಿಂದ ಎರಡು-ಮೂರು ತಿಂಗಳು ಮೊದಲೇ ತಪಾಸಣೆ ಮಾಡಿಸಿ ಕೊರತೆಯನ್ನು ತುಂಬಿಕೊಳ್ಳಬೇಕು. ಶಸ್ತ್ರವೈದ್ಯರ ಪತ್ರ ಕೈಯಲ್ಲಿರಲಿ. ಯಾನದ ಅವಧಿಗೆ ಸಾಲುವಷ್ಟು ಮಾತ್ರೆಗಳನ್ನು ಒಯ್ಯುವುದಾಗಿಯೂ ಪರೀಕ್ಷಿಸುವ ವೈದ್ಯರಿಗೆ ತಿಳಿಸಿರಿ.