ಸ್ನಾಯುವಿನ ಬ್ರೇಕ್ ಮತ್ತು ಜಿಮ್‌ನ ಡಬ್ಬ

ಕಳೆದ ವಾರ ಜಿಮ್‌ನಲ್ಲಿ ಒಬ್ಬ ಹುಡುಗ ಡಬ್ಬ ತೋರಿಸಿ ಕೇಳಿದ: "ಅಣ್ಣಾ, ಇದು ಮಯೋಸ್ಟಾಟಿನ್ ಬ್ಲಾಕರ್ ಅಂತೆ. ತಗೋಬಹುದಾ?" ಬೆಲೆ ಅವನ ಸಂಬಳದ ಕಾಲು ಭಾಗ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಏನೇ ಕೇಳಿದರೂ ಮೊದಲು ಅದು ಕೆಲಸ ಮಾಡೋದು ಹೇಗೆ ಅಂತ ನೋಡೋದು ಅಭ್ಯಾಸ.

ಸ್ನಾಯು ಮಿತಿಮೀರಿ ಬೆಳೆಯದಂತೆ ದೇಹವೇ ಹಾಕಿಕೊಂಡಿರುವ ಬ್ರೇಕ್ ಮಯೋಸ್ಟಾಟಿನ್ ಎಂಬ ಪ್ರೋಟೀನ್. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸೆ-ಜಿನ್ ಲೀ ಅವರ ತಂಡ ಇಲಿಗಳಲ್ಲಿ ಇದರ ಜೀನನ್ನು ನಿಷ್ಕ್ರಿಯ ಮಾಡಿದಾಗ, ಅವುಗಳ ಸ್ನಾಯುಗಳ ತೂಕ ಎರಡು-ಮೂರು ಪಟ್ಟಾಯಿತು. ಬೆಲ್ಜಿಯನ್ ಬ್ಲೂ ದನಗಳ ಉಬ್ಬಿದ ಮೈಗೂ ಇದೇ ಜೀನ್‌ನ ದೋಷ ಕಾರಣ.

ಆದರೆ ಈ ಬ್ರೇಕ್ ತಯಾರಾದ ಕೂಡಲೇ ಹಿಡಿಯಲ್ಲ. ಅದಕ್ಕೆ ಕಿಣ್ವಗಳು ಎರಡು ಸಲ ಕತ್ತರಿ ಹಾಕಬೇಕು. ಮೊದಲು ಫ್ಯೂರಿನ್ ಎಂಬ ಕಿಣ್ವ ಉದ್ದನೆಯ ಪ್ರೋಟೀನನ್ನು ಎರಡು ತುಂಡು ಮಾಡುತ್ತೆ. ಆದರೂ ಕತ್ತರಿಸಿದ ತುಂಡು ಬಿಟ್ಟು ಹೋಗದೆ ಕವಚದಂತೆ ಅಂಟಿಕೊಂಡಿರುತ್ತೆ. ಆಮೇಲೆ ಟೊಲ್ಲಾಯ್ಡ್ ಗುಂಪಿನ ಕಿಣ್ವಗಳು ಆ ಕವಚವನ್ನೂ ಕತ್ತರಿಸುತ್ತವೆ. ಆಗಷ್ಟೇ ಮಯೋಸ್ಟಾಟಿನ್ ಬಿಡುಗಡೆಯಾಗಿ, ಸ್ನಾಯುಕೋಶಕ್ಕೆ "ಸಾಕು, ನಿಲ್ಲು" ಅನ್ನುತ್ತೆ.

ಈ ಎರಡನೇ ಕತ್ತರಿಯನ್ನೇ ತಡೆದರೆ? ಅಪಿಟೆಗ್ರೊಮ್ಯಾಬ್ ಎಂಬ ಔಷಧಿಯ ಹಿಂದಿನ ಯೋಚನೆ ಇದೇ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಆನುವಂಶಿಕ ಕಾಯಿಲೆಯಿಂದ ಸ್ನಾಯು ಸೊರಗಿದ ಮಕ್ಕಳಿಗಾಗಿ ರೂಪಿಸಿದ್ದು. 2024ರಲ್ಲಿ ಮೂರನೇ ಹಂತದ ಟ್ರಯಲ್‌ನಲ್ಲಿ ಅವರ ಚಲನಶಕ್ತಿ ಸುಧಾರಿಸಿದ್ದು ಕಂಡುಬಂತು. ಎಲ್ಲ ಪ್ರಯತ್ನವೂ ಹೀಗೆ ಫಲಿಸಿಲ್ಲ. ಡುಶೆನ್ ಎಂಬ ಇನ್ನೊಂದು ಸ್ನಾಯುರೋಗಕ್ಕೆ ಫೈಜರ್ ತಯಾರಿಸಿದ್ದ ಮಯೋಸ್ಟಾಟಿನ್ ವಿರೋಧಿ ಔಷಧಿಯ ಪ್ರಯೋಗ, ಫಲ ಕಾಣದೆ 2018ರಲ್ಲಿ ನಿಂತುಹೋಯಿತು.

ಈಗ ಡಬ್ಬಕ್ಕೆ ಬರೋಣ. ಅಪಿಟೆಗ್ರೊಮ್ಯಾಬನ್ನು ನೇರ ರಕ್ತನಾಳಕ್ಕೆ ಕೊಡ್ತಾರೆ. ಯಾಕಂದ್ರೆ ಅದೂ ಒಂದು ಪ್ರೋಟೀನ್, ನುಂಗಿದರೆ ಜೀರ್ಣವಾಗಿ ಹೋಗುತ್ತೆ. ಡಬ್ಬದ ಮೇಲೆ ಬರೆದಿದ್ದ "ಬ್ರೇಕ್ ತಡೆಯುವ ಪ್ರೋಟೀನ್" ಕೂಡ ಅಷ್ಟೇ: ಹೊಟ್ಟೆಯ ಕಿಣ್ವಗಳಿಗೆ ಅದು ಬೇಳೆ, ಮೊಟ್ಟೆಯ ಹಾಗೆ ಊಟ.

ದೊಡ್ಡ ಕಂಪನಿಯೊಂದು ಟ್ರಯಲ್ ನಡೆಸಿ ಸೋತು ಹಿಂದೆ ಸರಿದ ಕಡೆ, ಟ್ರಯಲ್ಲೇ ಇಲ್ಲದ ಪುಡಿ ಗೆದ್ದಿದೆ ಅಂತ ನಂಬೋದು ಹೇಗೆ? ಔಷಧಿಯಾದರೆ ಕೆಲಸ ಮಾಡುತ್ತೆ ಅಂತ ಮೊದಲು ಸಾಬೀತು ಮಾಡಬೇಕು. ಸಪ್ಲಿಮೆಂಟ್ ಆಹಾರದ ನಿಯಮದಡಿ ಅಂಗಡಿಗೆ ಬರುತ್ತೆ. ಔಷಧಿಯ ಭಾಷೆ ಬಳಸಿ ಮಾರುವವರಿಂದ ಔಷಧಿಯ ಪುರಾವೆಯನ್ನೂ ಕೇಳುವಂತೆ ನಾವು ಒತ್ತಾಯಿಸಬೇಕು.

ಹುಡುಗನಿಗೆ ಇಷ್ಟನ್ನೂ ಹೇಳಿದೆ. "ಹಾಗಾದ್ರೆ ವಾಪಸ್ ಕೊಡ್ತೀನಿ ಅಣ್ಣಾ" ಅಂದ. ಸೀಲ್ ಒಡೆದಿರಲಿಲ್ಲ, ಪುಣ್ಯಕ್ಕೆ.