ಹೆರಿಗೆಗೆ ಯಾವ ದವಾಖಾನೆ? ನೋವು ಬರುವ ಮೊದಲೇ ಯೋಚಿಸಿ

ಹೆರಿಗೆ ಎಂದರೆ ಹೆಣ್ಣಿಗೆ ಮರುಜನ್ಮ ಎನ್ನುತ್ತಾರೆ ಹಿರಿಯರು. ಮಾತು ನಿಜ. ಆದರೆ ಕೂಸಿನ ಜೊತೆಗೆ ಮನೆಯಲ್ಲಿ ಸಾಲವೂ ಹುಟ್ಟಬೇಕೆ?

ನನ್ನ ನಾದಿನಿಯ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದೆ. ಚೊಚ್ಚಲ ಹೆರಿಗೆ. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ತಾಲೂಕು ಆಸ್ಪತ್ರೆ ಊರಲ್ಲೇ ಇದೆ. ಆದರೆ ಅವಳ ಅತ್ತೆ, “ಸರ್ಕಾರಿ ದವಾಖಾನ್ಯಾಗ ಯಾರ್ ನೋಡ್ತಾರ, ರಾಯಚೂರಿಗೇ ನಡೀರಿ” ಅಂತ ಹಟ ಹಿಡಿದರು. ಬಾಡಿಗೆ ಜೀಪು ಮಾಡಿಕೊಂಡು ರಾಯಚೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಬಂದರು. ಸಿಸೇರಿಯನ್ ಆಯಿತು. ತಾಯಿ, ಮಗು ಕ್ಷೇಮ. ಬಿಲ್ಲು ಕಟ್ಟಲು ಹುಡುಗಿಯ ಬಂಗಾರದ ಸರ ಅಡವಿಗೆ ಹೋಯಿತು. ತೊಟ್ಟಿಲು ಹಾಕಿದ ದಿನ ಅವಳ ಕೊರಳಲ್ಲಿ ಕರಿಮಣಿ ಒಂದೇ ಇತ್ತು.

ಹಾಗಂತ ಖಾಸಗಿಯವರನ್ನು ದೂರಲು ನಾನು ಕುಳಿತಿಲ್ಲ. ಮಾನ್ವಿಯ ನನ್ನ ತಾಯಿಗೆ ಎದೆನೋವು ಬಂದಾಗ ಸರ್ಕಾರಿ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಎರಡು ತಾಸು ಕಾದೆವು. ಅಂದು ತಜ್ಞ ವೈದ್ಯರು ರಜೆಯಲ್ಲಿದ್ದರು. ಕೊನೆಗೆ ಜೀವ ಉಳಿಸಿದ್ದು ಖಾಸಗಿಯವರೇ. ಹಾಗಾದರೆ ಯಾವುದು ಒಳ್ಳೆಯದು?

ನೆರೆಹೊರೆಯವರ ಮನೆಯಲ್ಲಿ

ಈ ಪ್ರಶ್ನೆ ನಮಗೊಬ್ಬರಿಗೇ ಅಲ್ಲ, ಪಕ್ಕದ ದೇಶಗಳಿಗೂ ಇದೆ. ಶ್ರೀಲಂಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಎಷ್ಟೋ ದಶಕಗಳಿಂದ ಉಚಿತ. ನೆಗಡಿ, ಜ್ವರಕ್ಕೆ ಖಾಸಗಿ ಡಾಕ್ಟರರ ಹತ್ತಿರ ಹೋಗುವವರು ಅಲ್ಲಿಯೂ ಬಹಳ. ಆದರೆ ಹಾಸಿಗೆ ಹಿಡಿಯುವಂಥ ಕಾಯಿಲೆಗೆ, ಹೆರಿಗೆಗೆ ಹೆಚ್ಚಿನವರು ನಂಬುವುದು ಸರ್ಕಾರಿ ಆಸ್ಪತ್ರೆಯನ್ನೇ. ಭೂತಾನದ 2008ರ ಸಂವಿಧಾನದಲ್ಲೇ ಮೂಲ ಆರೋಗ್ಯ ಸೇವೆ ಉಚಿತ ಎಂದು ಬರೆದಿದೆ. ಅಲ್ಲಿ ಗುಣವಾಗದ ರೋಗಿಗಳನ್ನು ಸರ್ಕಾರವೇ ಖರ್ಚು ಹಾಕಿ ನಮ್ಮ ದೇಶದ ಆಸ್ಪತ್ರೆಗಳಿಗೆ ಕಳಿಸುತ್ತದೆ. ನೇಪಾಳದಲ್ಲಿ 2009ರಲ್ಲಿ ಬಂದ ‘ಆಮಾ’ ಯೋಜನೆಯಡಿ ಹೆರಿಗೆ ಉಚಿತ. ಆಸ್ಪತ್ರೆಗೆ ಬಂದ ತಾಯಿಗೆ ದಾರಿಖರ್ಚನ್ನೂ ಕೊಡುತ್ತಾರೆ. ಬಾಂಗ್ಲಾದೇಶದ ಕಥೆ ಬೇರೆ. ಅಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ ಹೆರುವವರಲ್ಲಿ ಹೆಚ್ಚಿನವರಿಗೆ ಆಗುವುದು ಸಿಸೇರಿಯನ್ನೇ.

ನಮ್ಮ ಮನೆಯಲ್ಲೇ ಇರುವುದು

ಅವರಲ್ಲಿ ಇದೆ, ನಮ್ಮಲ್ಲಿ ಇಲ್ಲ ಎಂದು ನಿಟ್ಟುಸಿರು ಬಿಡಬೇಡಿ. ಜನನಿ-ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇಲ್ಲಿಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಆಸ್ಪತ್ರೆಗೆ ಬರುವುದಕ್ಕೂ, ಬಾಣಂತಿಯನ್ನು ಮನೆಗೆ ಬಿಡುವುದಕ್ಕೂ ವಾಹನವಿದೆ. ಕೂಸಿಗೆ ಕಾಯಿಲೆಯಾದರೆ ಅದರ ಚಿಕಿತ್ಸೆಯೂ ಸೇರಿದೆ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಇದೆಲ್ಲ ಮೊದಲೇ ಗೊತ್ತಿದ್ದರೆ ನಮ್ಮ ಹುಡುಗಿಯ ಸರ ಉಳಿಯುತ್ತಿತ್ತೋ ಏನೋ!

ಸರ್ಕಾರಿ, ಖಾಸಗಿ ಎರಡೂ ಕೂಡಿದ ಪ್ರಯೋಗವೂ ನಮ್ಮ ರಾಯಚೂರಿನಲ್ಲೇ ಆಗಿದೆ. ಒಪೆಕ್ ನಿಧಿಯ ನೆರವಿನಿಂದ ಕಟ್ಟಿದ, ನಾವೆಲ್ಲ ‘ಒಪೆಕ್ ದವಾಖಾನಿ’ ಎನ್ನುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಒಪ್ಪಂದದ ಮೇಲೆ ಅಪೋಲೋದವರು ನಡೆಸುತ್ತಿದ್ದರು. 2012ರಲ್ಲಿ ಒಪ್ಪಂದ ಮುಗಿದು ಅದು ಮರಳಿ ಸರ್ಕಾರದ ಕೈಗೆ ಬಂತು. 2007ರಲ್ಲಿ ಆರಂಭವಾದ ರಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು, ನವೋದಯ ಖಾಸಗಿಯದು.

ದೊಡ್ಡ ಕಾಯಿಲೆಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು. ಇಲ್ಲಿ ಒಂದು ಗುಟ್ಟು ತಿಳಿದಿರಿ: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಬರೆದುಕೊಟ್ಟ ಚೀಟಿಯ ಮೇಲೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಸಂದರ್ಭಕ್ಕೆ ಮಾತ್ರ ಚೀಟಿ ಬೇಕಿಲ್ಲ.

ಏಳನೇ ತಿಂಗಳಿಗೇ ಮಾಡಿಟ್ಟುಕೊಳ್ಳಿ

* ತಾಯಿ ಕಾರ್ಡು, ಪಡಿತರ ಚೀಟಿ, ಆಧಾರ್ ಮೂರನ್ನೂ ಒಂದೇ ಚೀಲದಲ್ಲಿಡಿ. ರಕ್ತದ ಗುಂಪು ಬರೆದಿಡಿ.
* ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಆಪರೇಷನ್ ಮಾಡುವ ಡಾಕ್ಟರು, ಅರಿವಳಿಕೆ ಡಾಕ್ಟರು, ರಕ್ತ ಇರುತ್ತವೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.
* ರಕ್ತದೊತ್ತಡ, ರಕ್ತಹೀನತೆ, ಅವಳಿ ಮಕ್ಕಳು, ಹಿಂದೆ ಸಿಸೇರಿಯನ್ – ಇವುಗಳಲ್ಲಿ ಒಂದಿದ್ದರೂ ದೊಡ್ಡ ಆಸ್ಪತ್ರೆ ಬೇಕೇ ಎಂದು ಡಾಕ್ಟರರನ್ನು ಮೊದಲೇ ವಿಚಾರಿಸಿ.
* ಖಾಸಗಿಗೇ ಹೋಗುವುದಾದರೆ ದರ ಕೇಳಲು ಸಂಕೋಚ ಬೇಡ. 2007ರ ಕಾಯ್ದೆಯ ಪ್ರಕಾರ ಅವರು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು.

ಕುಬಸಕ್ಕೆ ಯಾವ ಸೀರೆ, ಎಷ್ಟು ಬಗೆಯ ಅಡುಗೆ ಅಂತ ನಾವು ತಿಂಗಳು ಮೊದಲೇ ಲೆಕ್ಕ ಹಾಕುತ್ತೇವೆ. ಹೆರಿಗೆ ಎಲ್ಲಿ ಎಂಬುದನ್ನು ಮಾತ್ರ ನೋವು ಬಂದ ಮೇಲೆ ಯೋಚಿಸುತ್ತೇವೆ! ಸರ್ಕಾರಿಯೋ ಖಾಸಗಿಯೋ ಎಂಬ ಜಗಳಕ್ಕಿಂತ ಈ ಮುಂದಾಲೋಚನೆಯೇ ಜೀವವನ್ನೂ ಹಣವನ್ನೂ ಉಳಿಸೀತು.

ನಾದಿನಿಯ ಮಗಳಿಗೆ ಈಗ ಮತ್ತೆ ಐದು ತಿಂಗಳು. ಸರ ಇನ್ನೂ ಅಡವಿನಲ್ಲೇ ಇದೆ. ಈ ಸಲ ಅವಳು ತಾಲೂಕು ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಮೊದಲಿನ ಸಿಸೇರಿಯನ್ ಕಾಗದವನ್ನೂ ತೋರಿಸಿ ಬಂದಿದ್ದಾಳೆ. ಜೊತೆಗೆ ಹೋದವರು ಯಾರು ಗೊತ್ತೇ? ಅದೇ ಅತ್ತೆ!